ಮೈ ಪುಸ್ತಕ: ನಮ್ಮ ವೃದ್ಧಾಶ್ರಮದಲ್ಲಿ ನಾನು ಮಾಡಿಕೊಂಡ ವ್ಯವಸ್ಥೆ

ಆಶ್ರಮದೊಳಗೆ ವೃದ್ಧರಿಗೆ ಆಗುವ ಹಿಂಸೆಯನ್ನು ಬಚ್ಚಲುಮನೆಯಲ್ಲಿಯೇ ಪತ್ತೆ ಹಚ್ಚಬಹುದು ಎಂದು ನಾನು ಹೇಳಿದಾಗ ನಮ್ಮ ಆಡಳಿತ ಮಂಡಳಿಯವರೂ ನೆರೆಯ ಆಶ್ರಮಗಳ ಮೇಲ್ವಿಚಾರಕರೂ ನಕ್ಕಿದ್ದರು. ಆಯಾಗಳ ಮೇಲೆ ಇಷ್ಟು ಸಂಶಯಪಟ್ಟರೆ ತಿಂಗಳೊಳಗೆ ಎಲ್ಲರೂ ಕೆಲಸ ಬಿಡುತ್ತಾರೆ ಎಂಬುದು ಅವರ ವಾದವಾಗಿತ್ತು. ಈಗ ಮೂರು ವರ್ಷಗಳ ಮೇಲಾಯಿತು. ಬಿಟ್ಟವರು ಇಬ್ಬರೋ ಮೂವರೋ, ಅವರು ಹೋಗಬೇಕಾದವರೇ. ನಕ್ಕವರಲ್ಲಿ ಕೆಲವರು ಕಳೆದ ವರ್ಷ ಬಂದು ವೃದ್ಧರ ಮೈಮೇಲಿನ ಗುರುತುಗಳನ್ನು ದಿನವೂ ಸ್ನಾನದ ಹೊತ್ತಿನಲ್ಲಿ ಬರೆದಿಡುವ ನಮ್ಮ ಮೈ ಪುಸ್ತಕದ ನಮೂನೆಯನ್ನು ಕೇಳಿ ಪಡೆದುಕೊಂಡು ಹೋದರು.

ಅದಕ್ಕೂ ಮೊದಲು ಮಾಡಿದ ಖರ್ಚೆಲ್ಲ ದಂಡ. ದೂರು ಪೆಟ್ಟಿಗೆಯಲ್ಲಿ ಸಾರಿಗೆ ಉಪ್ಪಿಲ್ಲವೆಂಬ ಚೀಟಿಗಳು ಸಿಕ್ಕವೇ ಹೊರತು ಬೇರೇನೂ ಸಿಗಲಿಲ್ಲ. ಮರೆವಿನ ಕಾಯಿಲೆಯವರು, ಲಕ್ವ ಹೊಡೆದು ಮಾತು ನಿಂತವರು, ಹಾಸಿಗೆ ಹಿಡಿದವರು ಚೀಟಿ ಬರೆದು ಪೆಟ್ಟಿಗೆಯವರೆಗೆ ನಡೆದು ಬರುವುದು ಹೇಗೆ? ಸುಮಾರು ಎಂಬತ್ತು ಸಾವಿರ ರೂಪಾಯಿ ಸುರಿದು ಹಾಕಿಸಿದ ಕ್ಯಾಮೆರಾಗಳು ಪಡಸಾಲೆಯನ್ನೂ ಊಟದ ಮನೆಯನ್ನೂ ಚೆನ್ನಾಗಿ ತೋರಿಸಿದವು. ಏಟು ಬೀಳುವುದು ಬಟ್ಟೆ ಬದಲಿಸುವಾಗ, ಡೈಪರ್ ಬಿಚ್ಚುವಾಗ. ಅಲ್ಲಿ ಕ್ಯಾಮೆರಾ ಇಟ್ಟರೆ ಅದೇ ಇನ್ನೊಂದು ಅವಮಾನ.

ಆಮೇಲೆ ಮಾಡಿದ್ದು ಇಷ್ಟೇ. ರಾತ್ರಿ ಪಾಳಿಯವರು ಯಾರಿಗೂ ಸ್ನಾನ ಮಾಡಿಸುವಂತಿಲ್ಲ. ಬೆಳಗಿನ ಪಾಳಿಯ ಒಬ್ಬಳು ನೀರು ಹಾಕುತ್ತಾಳೆ, ಇನ್ನೊಬ್ಬಳು ಮೈಯ ಮುಂಭಾಗ ಹಿಂಭಾಗಗಳ ರೇಖಾಚಿತ್ರವಿರುವ ಹಾಳೆಯಲ್ಲಿ ಕಂಡ ಗುರುತನ್ನೆಲ್ಲ ಪೆನ್ನಿನಿಂದ ಹಾಕುತ್ತಾಳೆ. ಕಾರಣ ಬರೆಯಕೂಡದು, ಜಾಗ ಮತ್ತು ಅಳತೆ ಸಾಕು. ಮುಂಗೈಯಲ್ಲೂ ಮೊಣಕಾಲಿನ ಕೆಳಗೂ ಕಾಣುವ ಕಂದು ಕಲೆಗಳು ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಲ್ಲಿ ಸಾಮಾನ್ಯ ಎಂಬುದು ನಿಮಗೆಲ್ಲ ಗೊತ್ತು. ಕಿವಿ, ಕತ್ತು, ಒಳತೊಡೆಗಳ ಮೇಲಿನ ಗುರುತು, ಮಣಿಕಟ್ಟಿನ ಸುತ್ತ ಬಟ್ಟೆ ಬಿಗಿದ ಗೆರೆ, ತೋಳಿನ ಹೊರಗೆ ಸಾಲಾಗಿ ನಾಲ್ಕು ಮತ್ತು ಒಳಗೆ ಒಂದು ಬೆರಳಿನ ಗುರುತು ಕಂಡರೆ ಹಾಳೆ ಆ ದಿನವೇ ನನ್ನ ಮೇಜಿಗೆ ಬರಬೇಕು. ಕಲೆಯ ಬಣ್ಣ ನೋಡಿ ಎಷ್ಟು ದಿನದ್ದೆಂದು ಹೇಳುವವರನ್ನು ನಂಬಬೇಡಿ. ಹಿಂದಿನ ದಿನದ ಹಾಳೆಯಲ್ಲಿ ಅದು ಇತ್ತೋ ಇಲ್ಲವೋ ಎಂಬುದೊಂದೇ ಲೆಕ್ಕಕ್ಕೆ ಬರುವ ಮಾತು.

ಹಣದ ಜಗಳವೇ ದೊಡ್ಡದಾಯಿತು. ನಲವತ್ತು ಚಿಲ್ಲರೆ ಜನರಿಗೆ ರಾತ್ರಿ ಒಬ್ಬಳೇ ಆಯಾ ಇದ್ದಳು. ಅವಳು ಒರಟಾಗದಿದ್ದರೆ ಆಶ್ಚರ್ಯ. ಎರಡನೆಯವಳನ್ನು ಇಡಲು ತಿಂಗಳಿಗೆ ಹದಿಮೂರು ಹದಿನಾಲ್ಕು ಸಾವಿರ ಬೇಕೆಂದಾಗ ಖಜಾಂಚಿಯವರು ಎರಡು ಸಭೆಗಳಲ್ಲಿ ತಳ್ಳಿಹಾಕಿದರು. ಮಗ್ಗುಲು ಬದಲಿಸದೆ ಮಲಗಿದಲ್ಲೇ ಆದ ಹಾಸಿಗೆ ಹುಣ್ಣು ಕೊಳೆತು ಆಸ್ಪತ್ರೆ ಸೇರಿದವರ ಹಿಂದಿನ ವರ್ಷದ ಬಿಲ್ಲುಗಳನ್ನು ಕೂಡಿಸಿ, ಒಂದೊಂದಕ್ಕೂ ಮೂವತ್ತು ನಲವತ್ತು ಸಾವಿರ ಹೋಗಿದ್ದನ್ನು ಅವರ ಮುಂದಿಟ್ಟ ಮೇಲೆ ಒಪ್ಪಿಗೆ ದೊರೆಯಿತು. ಇಬ್ಬರಾದ ಮೇಲೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ನಿಜವಾಗಿ ನಡೆಯತೊಡಗಿತು, ಹುಣ್ಣು ಅರ್ಧಕ್ಕಿಂತ ಕಡಿಮೆಯಾಯಿತು.

ವೃದ್ಧರು ಸುಮ್ಮನೆ ಮಲಗಿರಲಿ ಎಂದು ಯಾರೂ ಹೆಚ್ಚು ಕೊಡದಂತೆ ನಿದ್ರೆ ಮಾತ್ರೆಗೆ ಬೇರೆ ಲೆಕ್ಕ. ಖಾಲಿ ಸ್ಟ್ರಿಪ್ ಹಿಂದಿರುಗಿಸದೆ ಹೊಸದನ್ನು ಕೊಡುವುದಿಲ್ಲ. ಹಗಲು ಊಟದ ತಟ್ಟೆಯ ಮುಂದೆಯೇ ತೂಕಡಿಸುವವರ ಹೆಸರನ್ನು ಅಡುಗೆಯವರಿಂದ ಬರೆಸಿಕೊಂಡು ಮಾತ್ರೆಯ ಲೆಕ್ಕದೊಂದಿಗೆ ತಾಳೆ ನೋಡುತ್ತೇನೆ. ರಾತ್ರಿ ನಾನು ಯಾವ ಹೊತ್ತಿಗೆ, ಯಾವ ಬಾಗಿಲಿನಿಂದ ಒಳಗೆ ಬರುತ್ತೇನೆ ಎಂಬುದನ್ನು ಇಲ್ಲಿ ಬರೆಯಲಾರೆ, ನಮ್ಮ ಸಿಬ್ಬಂದಿಯೂ ಓದುವವರೇ.

ಇದರ ನಡುವೆ ಇನ್ನೊಂದನ್ನೂ ಪ್ರಯತ್ನಿಸಿದೆ. ಸಂಜೆಯ ಚಹಾ ನಿಲ್ಲಿಸಿ ಹಾಲು ಕೊಟ್ಟು, ಆರೂವರೆಯ ಊಟವನ್ನು ಎಂಟಕ್ಕೆ ಒಯ್ದು, ಮುಸ್ಸಂಜೆಗೇ ಎಲ್ಲ ದೀಪ ಹಾಕಿಸಿದಾಗ ಮರೆವಿನವರ ರಾತ್ರಿಯ ಕೂಗಾಟ ಕಡಿಮೆಯಾಯಿತು; ಕೂಗಾಟ ಕಡಿಮೆಯಾದರೆ ಗದರುವಿಕೆಯೂ ಕಡಿಮೆ. ತಿಂಗಳಿಗೊಮ್ಮೆ ಬರುವ ಕ್ಷೌರಿಕರಿಗೆ ಐವತ್ತು ರೂಪಾಯಿ ಹೆಚ್ಚು ಕೊಟ್ಟು ನಿಧಾನವಾಗಿ ಕೆಲಸ ಮಾಡಲು ಹೇಳಿದ್ದೇನೆ. ನನಗೆ ಹೇಳದ ಸಂಗತಿಗಳನ್ನು ಗಂಡಸರು ಅವರ ಕತ್ತರಿಯ ಕೆಳಗೆ ಹೇಳುತ್ತಾರೆ. ಹೆಂಗಸರಿಗೆ ಅಂಥವರೊಬ್ಬರು ಇನ್ನೂ ಸಿಕ್ಕಿಲ್ಲ; ಭಜನೆಯವರನ್ನು ಕರೆಸಿ ನೋಡಿದೆ, ಹಾಡು ಚೆನ್ನಾಗಿತ್ತು, ಉಪಯೋಗವಾಗಲಿಲ್ಲ.

ನಾನು ಎಣಿಸದೇ ಇದ್ದ ಫಲವೊಂದು ಪುಸ್ತಕದಿಂದ ದೊರೆಯಿತು. ಒಬ್ಬ ಅಜ್ಜಿಯ ತೋಳಿನ ಬೆರಳ ಗುರುತುಗಳು ಯಾವ ಪಾಳಿಗೂ ಹೊಂದದೆ ಸೋಮವಾರದ ಹಾಳೆಯಲ್ಲೇ ಕಾಣುತ್ತಿದ್ದವು. ಒಂದು ಸೋಮವಾರ ನೀರು ಹಾಕುತ್ತಿದ್ದ ಆಯಾ, ಅಜ್ಜಿಯ ಎಡಗೈ ಹೆಬ್ಬೆರಳಿನ ಗೆರೆಗಳಲ್ಲಿ ನೀಲಿ ಶಾಯಿ ಉಳಿದಿರುವುದನ್ನು ನೋಡಿ ತೊಳೆಯದೆ ನನ್ನನ್ನು ಕರೆದಳು. ಭಾನುವಾರ ಬರುತ್ತಿದ್ದ ಸಂಬಂಧಿಕರು ಹಣ್ಣಿನ ಚೀಲದಲ್ಲಿ ಆಸ್ತಿ ಪತ್ರ, ಶಾಯಿಪ್ಯಾಡ್ ಎರಡನ್ನೂ ತಂದು, ತೋಳು ಹಿಡಿದು ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದರು. ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಿ ವಿಚಾರಿಸಿ, ಠಾಣೆಗೆ ದೂರು ಕೊಟ್ಟು, ಅಜ್ಜಿಯ ಪರವಾಗಿ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೂ ಅರ್ಜಿ ಹಾಕಿದೆವು. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನ ಪ್ರಕಾರ, ನೋಡಿಕೊಳ್ಳುವ ಷರತ್ತಿನ ಮೇಲೆ ಆಸ್ತಿ ಪಡೆದವರು ನೋಡಿಕೊಳ್ಳದಿದ್ದರೆ ಆ ವರ್ಗಾವಣೆಯನ್ನು ಅನೂರ್ಜಿತಗೊಳಿಸಬಹುದು, ಆದರೆ ಷರತ್ತು ಇತ್ತೆಂದು ತೋರಿಸಬೇಕು. ನಮ್ಮ ವಕೀಲರು ಒದ್ದಾಡುತ್ತಿರುವುದು ಅಲ್ಲಿಯೇ. ಮುಂದಿನ ವಿಚಾರಣೆಗೆ ನ್ಯಾಯಮಂಡಳಿಯವರು ಆ ತಿಂಗಳುಗಳ ಹಾಳೆಗಳನ್ನು ಕೇಳಿದ್ದಾರೆ. ಇಂಥ ಸಂದರ್ಭ ನಿಮಗೂ ಬಂದರೆ ದೃಢೀಕರಿಸಿದ ಪ್ರತಿ ಕೊಡಿ, ಮೂಲ ಪುಸ್ತಕವನ್ನು ತೋರಿಸಿ ವಾಪಸ್ ತನ್ನಿ.