ಜರ್ಮನಿಯಲ್ಲಿ ಪ್ರವಾಹ: ನಕ್ಷೆ, ಎಚ್ಚರಿಕೆ, ವಿಮೆ ಮತ್ತು ಮರುನಿರ್ಮಾಣ

ಜರ್ಮನಿಯಲ್ಲಿ ಮನೆ ಹುಡುಕುವ ನಮ್ಮವರು ಬಾಡಿಗೆ, ರೈಲು ನಿಲ್ದಾಣದ ದೂರ, ಮಕ್ಕಳ ಶಾಲೆ ಎಲ್ಲವನ್ನೂ ವಿಚಾರಿಸುತ್ತಾರೆ. ಆ ಮನೆಗೆ ನೀರು ನುಗ್ಗುವ ಸಾಧ್ಯತೆ ಎಷ್ಟು ಎಂದು ಕೇಳುವವರು ಅಪರೂಪ. ಮುಂದುವರಿದ ದೇಶ, ಸರ್ಕಾರವೇ ಎಲ್ಲವನ್ನೂ ನೋಡಿಕೊಳ್ಳುತ್ತದೆ ಎಂಬ ನಂಬಿಕೆ ಇದರ ಹಿಂದಿರುತ್ತದೆ. ಇಲ್ಲಿನ ಒಕ್ಕೂಟ ಜಲ ಕಾಯ್ದೆಯ 5ನೇ ಕಲಮು ಹೇಳುವುದೇ ಬೇರೆ: ಪ್ರವಾಹದಿಂದ ಬಾಧಿತರಾಗಬಹುದಾದ ಪ್ರತಿಯೊಬ್ಬರೂ ತಮಗೆ ಸಾಧ್ಯವಿರುವ ಮಟ್ಟಿಗೆ ತಾವೇ ಮುನ್ನೆಚ್ಚರಿಕೆ ವಹಿಸಲು ಬದ್ಧರು. ಸರ್ಕಾರ ನಕ್ಷೆ ಒದಗಿಸುತ್ತದೆ, ತಡೆಗೋಡೆ ಕಟ್ಟುತ್ತದೆ, ಎಚ್ಚರಿಕೆ ಕಳುಹಿಸುತ್ತದೆ. ನಕ್ಷೆಯನ್ನು ನೋಡುವುದು, ವಿಮೆ ಮಾಡಿಸುವುದು, ಎಚ್ಚರಿಕೆ ಬಂದಾಗ ಕದಲುವುದು ನಿವಾಸಿಯ ಪಾಲಿನ ಕೆಲಸ.

ಐರೋಪ್ಯ ಒಕ್ಕೂಟದ 2007ರ ಪ್ರವಾಹ ನಿರ್ದೇಶನದ ಮೇರೆಗೆ ಪ್ರತಿ ರಾಜ್ಯವೂ ಪ್ರವಾಹ ಅಪಾಯದ ನಕ್ಷೆಗಳನ್ನು ಅಂತರ್ಜಾಲದಲ್ಲಿ ಪ್ರಕಟಿಸುತ್ತದೆ ಮತ್ತು 6 ವರ್ಷಕ್ಕೊಮ್ಮೆ ಪರಿಷ್ಕರಿಸುತ್ತದೆ. ಅವುಗಳಲ್ಲಿ ಮುಖ್ಯವಾಗಿ ಗಮನಿಸಬೇಕಾದದ್ದು 'ಹಾ-ಕೂ 100' ಎಂಬ ಗೆರೆ, ಅಂದರೆ ಸರಾಸರಿ 100 ವರ್ಷಕ್ಕೊಮ್ಮೆ ಬರುವ ಪ್ರವಾಹ ತಲುಪುವ ಎಲ್ಲೆ. ನೂರು ವರ್ಷ ಎಂದು ಕೇಳಿ ನಿಶ್ಚಿಂತರಾಗುವಂತಿಲ್ಲ. ಯಾವುದೇ ಒಂದು ವರ್ಷದಲ್ಲಿ ಅದರ ಸಂಭವ ಶೇ 1 ಆದರೆ, 30 ವರ್ಷದ ಗೃಹಸಾಲ ತೀರುವುದರೊಳಗೆ ಒಮ್ಮೆಯಾದರೂ ಅದು ಬರುವ ಸಂಭವ ಸುಮಾರು ಶೇ 26. ನದಿಯಿಂದ ದೂರವಿರುವ ಬಡಾವಣೆಗಳೂ ಹಠಾತ್ ಸುರಿಯುವ ಭಾರಿ ಮಳೆಗೆ ಮುಳುಗುವುದರಿಂದ, ಅನೇಕ ನಗರಗಳು ಪ್ರತ್ಯೇಕವಾಗಿ ಪ್ರಕಟಿಸಿರುವ ಭಾರಿ ಮಳೆಯ ನಕ್ಷೆಯನ್ನೂ ನೋಡಬೇಕು. ಅಧಿಸೂಚಿತ ಪ್ರವಾಹ ಪ್ರದೇಶಗಳಲ್ಲಿ ಹೊಸ ಬಡಾವಣೆಗೆ ಸಾಮಾನ್ಯವಾಗಿ ಅನುಮತಿಯಿಲ್ಲ. ಅಲ್ಲಿನ ಹಳೆಯ ಮನೆಗಳಲ್ಲಿ ಚಳಿಗೆ ಮನೆ ಬಿಸಿ ಮಾಡಲು ಬಳಸುವ ತೈಲದ ತೊಟ್ಟಿಗಳನ್ನು 2023ರ ಜನವರಿಯೊಳಗೆ ನೀರಿಗೆ ಅಲುಗದಂತೆ ಭದ್ರಪಡಿಸಬೇಕಿತ್ತು. ಹಳೆಯ ಮನೆ ಕೊಳ್ಳುವವರು ಈ ಬಗ್ಗೆ ಮಾರುವವರಿಂದ ದಾಖಲೆ ಕೇಳುವುದು ಒಳ್ಳೆಯದು.

ನಕ್ಷೆಯೂ ಪ್ರಮಾಣವಾಕ್ಯವಲ್ಲ. 2021ರ ಜುಲೈ 14ರ ರಾತ್ರಿ ಜರ್ಮನಿಯ ಪಶ್ಚಿಮ ಭಾಗದ ಆರ್ ನದಿಯ ಕಣಿವೆಯಲ್ಲಿ ನಡೆದದ್ದು ಇದಕ್ಕೆ ಸಾಕ್ಷಿ. ಅಲ್ಲಿ 1804 ಮತ್ತು 1910ರಲ್ಲಿ ಮಹಾಪ್ರವಾಹಗಳು ಬಂದಿದ್ದವು. ಆದರೆ ಅವು ನದಿಯ ನೀರಿನ ಮಟ್ಟ ಅಳೆಯುವ ಮಾಪಕ ಕೂರಿಸುವ ಮೊದಲಿನವಾದ್ದರಿಂದ ನೂರು ವರ್ಷದ ಪ್ರವಾಹದ ಲೆಕ್ಕಕ್ಕೆ ಸೇರಿರಲಿಲ್ಲ. ಆಲ್ಟೆನಾರ್ ಊರಿನ ಮಾಪಕದಲ್ಲಿ ಅದುವರೆಗಿನ ದಾಖಲೆ 2016ರ 3.71 ಮೀಟರ್. ಆ ರಾತ್ರಿ ನೀರು 5 ಮೀಟರನ್ನೂ ಮೀರಿ ಏರಿ ಮಾಪಕವನ್ನೇ ಕೊಚ್ಚಿಕೊಂಡು ಹೋಯಿತು. ಜಿಲ್ಲಾಡಳಿತ ವಿಪತ್ತು ಘೋಷಿಸಿದಾಗ ರಾತ್ರಿ 11 ಗಂಟೆ ದಾಟಿತ್ತು. ದೇಶದಾದ್ಯಂತ 180ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಬಹುಪಾಲು ಈ ಒಂದು ಕಣಿವೆಯವರು.

ಇಲ್ಲಿ ವಿಪತ್ತು ನಿರ್ವಹಣೆ ಬರ್ಲಿನ್‌ನ ಕೈಯಲ್ಲಿಲ್ಲ. ಅದು ರಾಜ್ಯಗಳ ಮತ್ತು ಜಿಲ್ಲೆಗಳ ಅಧಿಕಾರ. ಆದ್ದರಿಂದ ನೀವಿರುವ ಜಿಲ್ಲೆಯ ಪ್ರಕಟಣೆಗಳೇ ನಿಮಗೆ ಅಂತಿಮ. ಆರ್ ದುರಂತದ ನಂತರ, 2023ರ ಫೆಬ್ರವರಿಯಿಂದ, ಆ್ಯಪ್ ಇಲ್ಲದಿದ್ದರೂ ಅಪಾಯದ ಪ್ರದೇಶದಲ್ಲಿರುವ ಮೊಬೈಲುಗಳಿಗೆ ನೇರವಾಗಿ ಸಂದೇಶ ತಲುಪಿಸುವ ಸೆಲ್ ಬ್ರಾಡ್‌ಕಾಸ್ಟ್ ವ್ಯವಸ್ಥೆ ಜಾರಿಗೆ ಬಂದಿದೆ. ತೀರ ಹಳೆಯ ಫೋನುಗಳಲ್ಲಿ ಅದು ಬಾರದಿರಬಹುದು. ಇಂಗ್ಲಿಷಿನಲ್ಲಿಯೂ ಲಭ್ಯವಿರುವ 'ನೀನಾ' ಎಂಬ ಸರ್ಕಾರಿ ಎಚ್ಚರಿಕೆ ಆ್ಯಪ್ ಹಾಕಿಕೊಂಡಿರುವುದು ಲೇಸು. ಪ್ರತಿ ಸೆಪ್ಟೆಂಬರಿನ ಎರಡನೇ ಗುರುವಾರ ಸೈರನ್ ಮೊಳಗಿ ಫೋನು ಕಿರುಚಿದರೆ ಗಾಬರಿ ಬೇಡ, ಅದು ದೇಶವ್ಯಾಪಿ ಪರೀಕ್ಷೆ. ಹವಾಮಾನ ಇಲಾಖೆಯ ಎಚ್ಚರಿಕೆಗಳಲ್ಲಿ 4ನೆಯದು ಅತ್ಯಂತ ತೀವ್ರವಾದ ಹಂತ.

ತುರ್ತು ಕರೆಯ ಸಂಖ್ಯೆ 112. ಬರುವವರು ಬಹುಮಟ್ಟಿಗೆ ಸ್ವಯಂಸೇವಕರು: ಊರೂರಿನ ಸ್ವಯಂಸೇವಾ ಅಗ್ನಿಶಾಮಕ ದಳ, ಜೊತೆಗೆ ಭಾರಿ ಪಂಪು, ಸೇತುವೆ ಸಾಮಗ್ರಿಗಳುಳ್ಳ, 80,000ಕ್ಕೂ ಹೆಚ್ಚು ಸ್ವಯಂಸೇವಕರ ಟಿಎಚ್‌ಡಬ್ಲ್ಯು ಎಂಬ ಒಕ್ಕೂಟ ಸರ್ಕಾರದ ತಾಂತ್ರಿಕ ನೆರವು ಸಂಸ್ಥೆ. ಅದಕ್ಕೆ ಸೇರಲು ಜರ್ಮನ್ ಪೌರತ್ವ ಬೇಕಿಲ್ಲ ಎಂಬುದು ನಮ್ಮವರಲ್ಲಿ ಹೆಚ್ಚಿನವರಿಗೆ ತಿಳಿದಿಲ್ಲ. ಊರಿನವರೊಂದಿಗೆ ಬೆರೆಯಲು ಇದಕ್ಕಿಂತ ಒಳ್ಳೆಯ ದಾರಿ ಕಡಿಮೆ ಎಂಬುದು ನನ್ನ ಅಭಿಪ್ರಾಯ.

ಪ್ರಾಣಾಪಾಯದ ಜಾಗವೆಂದರೆ 'ಕೆಲ್ಲರ್', ಅಂದರೆ ನೆಲಮಾಳಿಗೆ. ವಾಷಿಂಗ್ ಮಷಿನ್, ಸೈಕಲ್ಲು, ವಿದ್ಯುತ್ ಪೆಟ್ಟಿಗೆ ಎಲ್ಲವೂ ಅಲ್ಲಿಯೇ ಇರುವುದರಿಂದ, ನೀರು ಬರುತ್ತಿದ್ದಂತೆ ಏನನ್ನಾದರೂ ಉಳಿಸಿಕೊಳ್ಳಲು ಜನ ಕೆಳಗಿಳಿಯುತ್ತಾರೆ. ಬಾಗಿಲಿನ ಹೊರಗೆ ಮೊಣಕಾಲಿನಷ್ಟು ನೀರು ನಿಂತರೂ ಸಾಕು, ಅದರ ಒತ್ತಡಕ್ಕೆ ಎದುರಾಗಿ ಬಾಗಿಲು ತಳ್ಳುವುದು ವಯಸ್ಕರಿಗೂ ಬಹಳ ಕಷ್ಟ. ಎಚ್ಚರಿಕೆ ಬಂದ ಮೇಲೆ ಕೆಲ್ಲರಿಗೆ ಇಳಿಯಲೇಬಾರದು. ಪಾಸ್‌ಪೋರ್ಟು, ವಾಸದ ಪರವಾನಗಿ, ಪ್ರಮಾಣಪತ್ರಗಳು ಅಲ್ಲಿ ಎಂದಿಗೂ ಇರಕೂಡದು.

ಸಿದ್ಧತೆಯಿಂದಾಗುವ ಲಾಭಕ್ಕೆ ಕಲೋನ್ ನಗರವೇ ನಿದರ್ಶನ. ಅಲ್ಲಿ ರೈನ್ ನದಿ 1993ರ ಡಿಸೆಂಬರಿನಲ್ಲಿ 10.63 ಮೀಟರ್, 1995ರ ಜನವರಿಯಲ್ಲಿ 10.69 ಮೀಟರ್ ಏರಿತು. ಎರಡನೆಯ ಬಾರಿ ನೀರು ತುಸು ಹೆಚ್ಚೇ ಬಂದರೂ ನಿವಾಸಿಗಳೂ ಆಡಳಿತವೂ ಸಜ್ಜಾಗಿದ್ದುದರಿಂದ ನಷ್ಟ ಮೊದಲಿನ ಅರ್ಧಕ್ಕಿಂತ ಕಡಿಮೆಯಾಯಿತು. ಈಗ ಅಲ್ಲಿನ ತಡೆಗೋಡೆಗಳು ಪ್ರದೇಶಕ್ಕನುಗುಣವಾಗಿ 11.30 ಅಥವಾ 11.90 ಮೀಟರ್ ಮಟ್ಟದವರೆಗೆ ತಡೆಯುತ್ತವೆ.

ವಿಮೆಯ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಸಾಮಾನ್ಯ ಕಟ್ಟಡ ವಿಮೆಯು ಬೆಂಕಿ, ಒಡೆದ ಕೊಳವೆ, ಬಿರುಗಾಳಿ, ಆಲಿಕಲ್ಲುಗಳಿಗೆ ಮಾತ್ರ. ಪ್ರವಾಹಕ್ಕೆ 'ಎಲೆಮೆಂಟಾರ್' ಎಂಬ ಹೆಚ್ಚುವರಿ ರಕ್ಷಣೆಯನ್ನು ಕೇಳಿ ಸೇರಿಸಿಕೊಳ್ಳಬೇಕು. ಬಾಡಿಗೆದಾರರ ಸಾಮಾನುಗಳಿಗೆ ಮಾಲೀಕರ ಕಟ್ಟಡ ವಿಮೆ ಅನ್ವಯಿಸುವುದಿಲ್ಲ; ಅವರು ತಮ್ಮ 'ಹೌಸ್‌ರಾಟ್' ಗೃಹೋಪಕರಣ ವಿಮೆಗೆ ಇದೇ ರಕ್ಷಣೆಯನ್ನು ಸೇರಿಸಿಕೊಳ್ಳಬೇಕು. ರಕ್ಷಣೆ ಆರಂಭವಾಗಲು ಸಾಮಾನ್ಯವಾಗಿ ಕೆಲವು ವಾರ ಕಾಯಬೇಕಾದ್ದರಿಂದ ಮಳೆಯ ಮುನ್ಸೂಚನೆ ಕೇಳಿ ವಿಮೆ ಮಾಡಿಸಿದರೆ ಪ್ರಯೋಜನವಿಲ್ಲ. ಚರಂಡಿ ನೀರು ಹಿಮ್ಮುಖವಾಗಿ ಉಕ್ಕದಂತೆ ತಡೆಯುವ ಕವಾಟ ಇರಬೇಕು, ಕಾಲಕಾಲಕ್ಕೆ ಅದರ ನಿರ್ವಹಣೆಯಾಗಿರಬೇಕು ಎಂಬ ಷರತ್ತು ಅನೇಕ ಪಾಲಿಸಿಗಳಲ್ಲಿದೆ. ಮೇಲೆ ಉಕ್ಕದೆ ಗೋಡೆಯಲ್ಲಿ ಒಸರುವ ಅಂತರ್ಜಲಕ್ಕೂ ಸಮುದ್ರದ ಉಬ್ಬರದಲೆಗೂ ಸಾಮಾನ್ಯವಾಗಿ ಪರಿಹಾರವಿಲ್ಲ. ಕಾರು ಮುಳುಗಿದರೆ 'ಟೈಲ್‌ಕಾಸ್ಕೊ' ಎಂಬ ಭಾಗಶಃ ವಾಹನ ವಿಮೆ ಅನ್ವಯಿಸುತ್ತದೆ.

ನೀರು ಇಳಿದ ಮೇಲೆ ವಿದ್ಯುತ್ ತಜ್ಞರು ಪರಿಶೀಲಿಸುವವರೆಗೆ ಸ್ವಿಚ್ ಮುಟ್ಟಬಾರದು. ಗೋಡೆಯ ಮೇಲಿನ ನೀರಿನ ಗುರುತು ಸಹಿತ ಎಲ್ಲದರ ಫೋಟೊ ತೆಗೆದು, ಪಟ್ಟಿ ಮಾಡಿ, ವಿಮಾ ಕಂಪನಿಗೆ ಕೂಡಲೇ ತಿಳಿಸಬೇಕು. ಅವರು ಒಪ್ಪುವ ಮುನ್ನ ಹಾಳಾದ ವಸ್ತುಗಳನ್ನು ಎಸೆಯಕೂಡದು. ಬಾಡಿಗೆದಾರರು ಮಾಲೀಕರಿಗೂ ಲಿಖಿತವಾಗಿ ತಿಳಿಸಬೇಕು. ಮನೆ ವಾಸಕ್ಕೆ ಯೋಗ್ಯವಲ್ಲದಷ್ಟು ಮಟ್ಟಿಗೆ ಬಾಡಿಗೆ ಕಾನೂನಿನಂತೆ ತಾನಾಗಿ ಇಳಿಯುತ್ತದೆ, ಮಾಲೀಕರ ತಪ್ಪಿರಬೇಕೆಂದಿಲ್ಲ. ಗೋಡೆ, ನೆಲ ಒಣಗಲು ತಿಂಗಳುಗಳೇ ಹಿಡಿಯಬಹುದು; ತೇವಾಂಶ ಅಳೆಯುವ ಮೊದಲು ಅವಸರದಿಂದ ಬಣ್ಣ ಬಳಿಸಿದರೆ ಬೂಷ್ಟು ಹಿಡಿಯುತ್ತದೆ.

ಸರ್ಕಾರಿ ನೆರವು ಕಾಯಂ ಹಕ್ಕಲ್ಲ. 2021ರ ನಂತರ ಒಕ್ಕೂಟ ಮತ್ತು ರಾಜ್ಯಗಳು 30 ಶತಕೋಟಿ ಯೂರೊ ನಿಧಿ ಸ್ಥಾಪಿಸಿ ಮನೆ ಕಳೆದುಕೊಂಡವರಿಗೆ ವೆಚ್ಚದ ಶೇ 80ರವರೆಗೆ ಕೊಟ್ಟವು. ಆದರೆ ಅದು ಆ ಒಂದು ದುರಂತಕ್ಕೆಂದು ವಿಶೇಷ ಕಾನೂನಿನಿಂದ ರಚಿಸಿದ ನಿಧಿ. ಬವೇರಿಯಾ ರಾಜ್ಯವಂತೂ ವಿಮೆ ಮಾಡಿಸಬಹುದಾಗಿದ್ದೂ ಮಾಡಿಸದವರಿಗೆ 2019ರ ಜುಲೈಯಿಂದ ತುರ್ತು ಧನಸಹಾಯವಿಲ್ಲ ಎಂದು ತೀರ್ಮಾನಿಸಿತ್ತು. ನಂತರದ ಪ್ರವಾಹಗಳಲ್ಲಿ ಅದನ್ನು ಸಡಿಲಿಸಿದ್ದುಂಟು, ಆದರೆ ಆ ಸಡಿಲಿಕೆಯನ್ನು ನಂಬಿ ಮನೆ ಕೊಳ್ಳುವಂತಿಲ್ಲ.