ಲಾಜಿಕ್ 30ರಲ್ಲೇ, ಚಿತ್ರ 60ರಲ್ಲಿ: ಹಳೇ ಹಾರರ್ ಆಟವನ್ನು ಹೊಸ ಕನ್ಸೋಲ್‌ಗೆ ತಂದ ನನ್ನ ಅನುಭವ

ಮೊದಲ ಪ್ಲೇಸ್ಟೇಷನ್ ಕಾಲದ ಸರ್ವೈವಲ್ ಹಾರರ್ ಆಟವೊಂದು ನಮ್ಮ ಕೈಯಿಂದ ಪಿಎಸ್5, ಎಕ್ಸ್‌ಬಾಕ್ಸ್ ಸೀರೀಸ್, ಸ್ವಿಚ್ ಮೂರಕ್ಕೂ ಹೋಗಿ, ಕನ್ಸೋಲ್ ಕಂಪನಿಗಳ ಪರೀಕ್ಷೆಯಲ್ಲಿ ಪಾಸಾಗಿದೆ. ಒಪ್ಪಂದದ ಕಾರಣ ಹೆಸರು ಬರೆಯುವಂತಿಲ್ಲ. ಪ್ರೀ-ರೆಂಡರ್ (ಮೊದಲೇ ಚಿತ್ರವಾಗಿ ತಯಾರಿಸಿಟ್ಟ) ಹಿನ್ನೆಲೆ, ಅಲುಗದ ಕ್ಯಾಮೆರಾ, ಟ್ಯಾಂಕ್‌ನಂತೆ ನಿಂತಲ್ಲೇ ತಿರುಗಿ ಆಮೇಲೆ ಮುಂದೆ ನಡೆಯುವ ಟ್ಯಾಂಕ್ ಕಂಟ್ರೋಲ್, ಕೋಣೆಯಿಂದ ಕೋಣೆಗೆ ಹೋಗುವಾಗ ಬಾಗಿಲಿನ ಅನಿಮೇಷನ್. ಯಾವ ಬಗೆಯ ಆಟವೆಂದು ಇಷ್ಟರಲ್ಲೇ ಗೊತ್ತಾಗುತ್ತದೆ.

ಲಾಜಿಕ್, ಅಂದರೆ ಆಟದ ನಿಯಮಗಳ ಲೆಕ್ಕ, ಸೆಕೆಂಡಿಗೆ 30 ಟಿಕ್‌ನಲ್ಲೇ (30 ಸಲವೇ) ಓಡಲಿ, ಒಂದು ಸಾಲನ್ನೂ ತಿದ್ದುವುದು ಬೇಡ, ರೆಂಡರ್ (ಚಿತ್ರ ಬಿಡಿಸುವುದು) ಮಾತ್ರ ಎರಡು ಟಿಕ್‌ಗಳ ನಡುವೆ ಇಂಟರ್ಪೊಲೇಟ್ ಮಾಡಿ, ಅಂದರೆ ನಡುವಿನ ಸ್ಥಾನವನ್ನು ಲೆಕ್ಕ ಹಾಕಿ, ಸೆಕೆಂಡಿಗೆ 60 ಫ್ರೇಮ್‌ಗೆ ಹೋಗಲಿ ಎಂಬುದು ನನ್ನ ವಾದ. ಎಲ್ಲವನ್ನೂ ಡೆಲ್ಟಾ ಟೈಮ್‌ಗೆ (ಫ್ರೇಮ್ ಎಣಿಸುವ ಬದಲು ಕಳೆದ ಸಮಯದ ಲೆಕ್ಕಕ್ಕೆ) ತಿರುಗಿಸಬೇಕು, ಇಲ್ಲವೇ ಹೊಸ ಎಂಜಿನ್‌ನಲ್ಲಿ ಮೊದಲಿಂದ ಕಟ್ಟಬೇಕು ಎಂದವರೇ ಹೆಚ್ಚು. ಡೆಲ್ಟಾ ಟೈಮ್ ದಾರಿಯನ್ನೂ ಎರಡೂವರೆ ತಿಂಗಳು ಹಿಡಿದು ನೋಡಿದೆವು. ಫ್ರೇಮ್ ಎಣಿಸುವ ಜಾಗಗಳು ಎರಡು ಸಾವಿರಕ್ಕೂ ಮೇಲೆ ಸಿಕ್ಕವು: ಜಾಂಬಿ ಕಚ್ಚಿದಾಗ ಬಿಡಿಸಿಕೊಳ್ಳುವ ಅವಧಿ, ವಿಷ ಏರುವ ವೇಗ, ಗುಂಡು ತುಂಬುವ ಹೊತ್ತು, ಕಿಟಕಿ ಒಡೆದು ನಾಯಿ ಹಾರುವ ಘಳಿಗೆ. ಒಂದನ್ನು ಸರಿ ಮಾಡಿದರೆ ಇನ್ನೆರಡು ಕೆಡುತ್ತಿದ್ದವು. ಡಾರ್ಕ್ ಸೋಲ್ಸ್ 2ರಲ್ಲಿ 60 ಫ್ರೇಮ್‌ಗೆ ಹೋದಾಗ ಆಯುಧಗಳು ದುಪ್ಪಟ್ಟು ಬೇಗ ಸವೆದದ್ದನ್ನು ನೆನಪಿಸಿಕೊಂಡರೆ ಸಾಕು, ಕಾರಣ ಅದೇ ಜಾತಿಯದು. ಮೂವರ ಸಂಬಳ ಸೇರಿ ಸುಮಾರು 9 ಲಕ್ಷ ರೂಪಾಯಿ ಅಲ್ಲೇ ಹೋಯಿತು.

ಕೈಗೆ ಬಂದ ಸೋರ್ಸ್ ಕೋಡ್ ಮಾರಾಟವಾದ ಆವೃತ್ತಿಯದಾಗಿರಲಿಲ್ಲ. ಈ ಕ್ಷೇತ್ರದಲ್ಲಿ ಇದು ಹೊಸತಲ್ಲ. 2012ರ ಸೈಲೆಂಟ್ ಹಿಲ್ ಎಚ್‌ಡಿ ಕಲೆಕ್ಷನ್ ಕೂಡ ಅಂತಿಮವಲ್ಲದ ಕೋಡ್‌ನಿಂದಲೇ ಹೊರಟಿತ್ತು. ಆದ್ದರಿಂದ ಡಿಸ್ಕ್‌ನಲ್ಲಿ ಇರುವುದೇ ಸತ್ಯ ಎಂದು ತೀರ್ಮಾನಿಸಿ, ಯಂತ್ರಭಾಷೆಯ ಕೋಡನ್ನು ಬಿಡಿಸಿ ತೋರಿಸುವ ಗಿಡ್ರಾ ಎಂಬ ತಂತ್ರಾಂಶದಲ್ಲಿ ಬಿಡಿಸಿ, ಫಂಕ್ಷನ್‌ಗೊಂದರಂತೆ ಸಿ ಭಾಷೆಗೆ ತಂದೆವು. ಸಿಕ್ಕಿದ ಸೋರ್ಸ್ ಉಪಯೋಗಕ್ಕೆ ಬಂದದ್ದು ವೇರಿಯಬಲ್ ಹೆಸರುಗಳಿಗೆ ಮಾತ್ರ.

ಮುಂದೆ ಕಾಡಿದ್ದು ಪಾಯಿಂಟರ್, ಅಂದರೆ ಮೆಮೊರಿಯ ವಿಳಾಸ ಹಿಡಿದಿಡುವ ವೇರಿಯಬಲ್. ಹಳೇ ಯಂತ್ರದಲ್ಲಿ ಸೊನ್ನೆ ವಿಳಾಸದಿಂದ ಓದಿದರೆ ಕ್ರ್ಯಾಶ್ ಆಗುವುದಿಲ್ಲ. ಅಲ್ಲಿರುವ ಕರ್ನಲ್ ಮೆಮೊರಿಯ ಏನೋ ಒಂದು ಬೆಲೆ ಬರುತ್ತದೆ, ಆಟ ಮುಂದೆ ಸಾಗುತ್ತದೆ. ಹೊಸ ಕನ್ಸೋಲ್‌ನಲ್ಲಿ ಅಲ್ಲೇ ಸಾಯುತ್ತದೆ. ಇಂಥ ಜಾಗ 40ರಷ್ಟು ಇದ್ದವು. ಸುಮ್ಮನೆ ಸೊನ್ನೆ ಹಿಂತಿರುಗಿಸಿದರೆ ಒಂದು ಕೋಣೆಯ ಶತ್ರು ಎದ್ದೇ ಬರುತ್ತಿರಲಿಲ್ಲ, ಏಕೆಂದರೆ ಅದರ ಸ್ಥಿತಿ ಆ ಕಸದ ಬೆಲೆಯ ಮೇಲೆಯೇ ನಿಂತಿತ್ತು. ಮಾಡಿದ್ದಿಷ್ಟು: 2 ಎಂಬಿಯ ಒಂದು ಅರೇ, ಅದೇ ಹಳೇ ರ‍್ಯಾಮ್. ಎಲ್ಲ ಪಾಯಿಂಟರ್‌ಗಳೂ ಅದರೊಳಗಿನ 32 ಬಿಟ್ ಆಫ್‌ಸೆಟ್ (ಅರೇಯ ಶುರುವಿನಿಂದ ಎಷ್ಟು ದೂರ ಎಂಬ ಸಂಖ್ಯೆ). ಶುರುವಿನ ಕೆಲವು ಬೈಟ್‌ಗಳಲ್ಲಿ ಆಟ ನಿಜಕ್ಕೂ ಓದುವ ಬೆಲೆಗಳನ್ನಷ್ಟೇ ತುಂಬಿದೆವು. ಸ್ಟ್ರಕ್ಚರ್‌ಗಳ ಅಳತೆಯೂ ಉಳಿಯಿತು, ಹೊಸ ಯಂತ್ರಗಳಲ್ಲಿ ಪಾಯಿಂಟರ್ 64 ಬಿಟ್‌ಗೆ ಹಿಗ್ಗುವ ತಲೆನೋವೂ ಹೋಯಿತು.

ಸೊನ್ನೆಯಿಂದ ಭಾಗಿಸುವುದನ್ನೂ ನೋಡಿಕೊಳ್ಳಿ. ಕೈಯಿಂದ ಬರೆದ ಅಸೆಂಬ್ಲಿ (ಯಂತ್ರಭಾಷೆಗೆ ಹತ್ತಿರದ ಕೋಡ್) ಇರುವ ಕಡೆ ಹಳೇ ಪ್ಲೇಸ್ಟೇಷನ್‌ನ ಪ್ರೊಸೆಸರ್ ಆರ್3000 ಧನ ಸಂಖ್ಯೆಗೆ -1 ಕೊಟ್ಟು ಸುಮ್ಮನಾಗುತ್ತದೆ. ಪಿಎಸ್5, ಎಕ್ಸ್‌ಬಾಕ್ಸ್‌ಗಳ ಎಕ್ಸ್86 ಪ್ರೊಸೆಸರ್ ಎಕ್ಸೆಪ್ಷನ್ ಎಸೆಯುತ್ತದೆ, ಆಟ ಕ್ರ್ಯಾಶ್ ಆಗುತ್ತದೆ. ಸ್ವಿಚ್‌ನ ಆರ್ಮ್ ಪ್ರೊಸೆಸರ್ 0 ಕೊಡುತ್ತದೆ. ಸ್ವಿಚ್‌ನಲ್ಲಿ ಕ್ರ್ಯಾಶ್ ಇಲ್ಲದ್ದರಿಂದ ಸರಿಯಿದೆ ಎಂದುಕೊಂಡಿದ್ದೆವು, ಆದರೆ ನೆರಳು ಪಾತ್ರದ ಕಾಲಡಿ ಬಿಟ್ಟು ಕೋಣೆಯ ಮೂಲೆಯಲ್ಲಿ ಬೀಳುತ್ತಿತ್ತು. ಭಾಗಾಕಾರಕ್ಕೆ ಒಂದು ಪುಟ್ಟ ಫಂಕ್ಷನ್ ಬರೆದು ಮೂರರಲ್ಲೂ ಹಳೇ ಉತ್ತರವನ್ನೇ ಬರಿಸಿ.

ಇಂಟರ್ಪೊಲೇಷನ್‌ನಲ್ಲಿ ಎಡವುವುದು ಎರಡು ಕಡೆ. ಒಂದು ಕೋನ. ಇಲ್ಲಿ ಪೂರ್ತಿ ಸುತ್ತು ಎಂದರೆ 4096. ಪಾತ್ರ 4090ರಿಂದ 6ಕ್ಕೆ ತಿರುಗಿದರೆ ನೇರ ಲೆಕ್ಕ ಅದನ್ನು ಹಿಂದಕ್ಕೆ ಇಡೀ ಸುತ್ತು ತಿರುಗಿಸುತ್ತದೆ, ಒಂದೇ ಫ್ರೇಮ್ ಆದರೂ ಕಣ್ಣಿಗೆ ಹೊಡೆಯುತ್ತದೆ. ವ್ಯತ್ಯಾಸವನ್ನು -2048ರಿಂದ 2047ರ ಒಳಗೆ ಮಡಚಿ, ಆಮೇಲೆ ಬೆರೆಸಿ. ಇನ್ನೊಂದು ಕ್ಯಾಮೆರಾ ಕಟ್. ಕ್ಯಾಮೆರಾ ಸಂಖ್ಯೆ ಬದಲಾದ ಟಿಕ್‌ನಲ್ಲಿ ಏನನ್ನೂ ಬೆರೆಸಬಾರದು, ನೇರ ಹಾರಬೇಕು. ಒಂದೇ ಟಿಕ್‌ನಲ್ಲಿ ಬಹುದೂರ ಸರಿದ ವಸ್ತುವಿಗೂ ಅದೇ ನಿಯಮ. ನಮ್ಮ ಮಿತಿ 600 ಯೂನಿಟ್ ಆಸುಪಾಸು, ಅದು ಆಟದಿಂದ ಆಟಕ್ಕೆ ಬೇರೆಯಾಗುತ್ತದೆ. ಈ ವಿಧಾನಕ್ಕೆ ಒಂದು ಟಿಕ್, ಅಂದರೆ 33 ಮಿಲಿಸೆಕೆಂಡ್ ತಡವೇ ಬೆಲೆ. ಗುರಿ ಇಡುವಾಗ ಅದು ಕೈಗೆ ಗೊತ್ತಾಗುತ್ತದೆ. ಆಟಗಾರನ ಪಾತ್ರಕ್ಕೆ ಮಾತ್ರ ಆ ತಡವನ್ನು ಹೆಚ್ಚುಕಡಿಮೆ ಇಲ್ಲವಾಗಿಸಿದ್ದೇವೆ. ಹೇಗೆಂಬುದನ್ನು ಮುಂದಿನ ಕೆಲಸ ಮುಗಿಯುವ ತನಕ ನಮ್ಮಲ್ಲೇ ಇಟ್ಟುಕೊಳ್ಳುತ್ತೇವೆ.

ಹಿನ್ನೆಲೆ ಚಿತ್ರಗಳು 940 ಇದ್ದವು, 320x240. ಹೊಸದಾಗಿ ಬಿಡಿಸಲು ಒಂದಕ್ಕೆ 2,500 ರೂಪಾಯಿ ಎಂದು ಬಂದ ಕೊಟೇಷನ್ ನೋಡಿದರೆ 23 ಲಕ್ಷ ದಾಟುತ್ತಿತ್ತು. ಚಿತ್ರ ಹಿಗ್ಗಿಸುವ ಎಐ ಮಾದರಿ ಇಎಸ್ಆರ್‌ಗ್ಯಾನ್‌ನ ಹಾದಿ ಹಿಡಿದೆವು. ಮೊದಲ ಸುತ್ತು ಪೂರ್ತಿ ವ್ಯರ್ಥ: ಎಂಡೆಕ್‌ನ (ಹಳೇ ಪ್ಲೇಸ್ಟೇಷನ್‌ನಲ್ಲಿ ಸಂಕುಚಿತ ಚಿತ್ರಗಳನ್ನು ಬಿಚ್ಚುವ ಭಾಗದ) ಚೌಕಗಳನ್ನೇ ಗೋಡೆಯ ಇಟ್ಟಿಗೆ ಎಂದು ತಿಳಿದು ಚೂಪು ಮಾಡಿತು, ಟೈಲ್ಸ್ ಮೇಲಿನ ರಕ್ತದ ಕಲೆಗೆ ಪಾಚಿಯ ರೂಪ ಬಂತು. ಗುಟ್ಟು ಇದ್ದದ್ದು ಮೂಲದಲ್ಲಿ. ಹಳೇ ಆಟ ಚಿತ್ರವನ್ನು 15 ಬಿಟ್‌ಗೆ ಬಿಚ್ಚುತ್ತಿತ್ತು, ಆದರೆ ಡಿಸ್ಕ್‌ನಲ್ಲಿರುವ ಡೇಟಾದಲ್ಲಿ ಅದಕ್ಕಿಂತ ಹೆಚ್ಚು ಬಣ್ಣವಿದೆ. ಸ್ಕ್ರೀನ್ ಹಿಡಿದು ಅಪ್‌ಸ್ಕೇಲ್ ಮಾಡುವ ಬದಲು ಸ್ವಂತ ಡಿಕೋಡರ್ ಬರೆದು 24 ಬಿಟ್‌ಗೇ ಬಿಚ್ಚಿ, ಡಿಬ್ಲಾಕ್ ಮಾಡಿ (ಚೌಕಗಳ ಅಂಚು ಅಳಿಸಿ), ಆಮೇಲೆ 4 ಪಟ್ಟು ಹಿಗ್ಗಿಸಿ. ಕತ್ತಲ ಮೂಲೆಗಳ ಬಣ್ಣದ ಪಟ್ಟಿಗಳು ಅಲ್ಲೇ ಮುಕ್ಕಾಲು ಪಾಲು ಮಾಯವಾದವು. ಪಾತ್ರದ ಮುಂದೆ ಬರುವ ಕಂಬ, ಮೇಜುಗಳ ಮಾಸ್ಕ್‌ಗಳನ್ನು (ಹಿನ್ನೆಲೆಯಿಂದ ಕತ್ತರಿಸಿದ ತುಂಡುಗಳನ್ನು) ಬೇರೆಯಾಗಿ ಹಿಗ್ಗಿಸಿದರೆ ಅಂಚು ಹೊಂದುವುದಿಲ್ಲ, ಪಾತ್ರ ಹಿಂದೆ ಹೋದಾಗ ಸುತ್ತ ಬಿಳಿ ಗೆರೆ ಕಾಣುತ್ತದೆ. ಮಾಸ್ಕ್‌ನ ಆಲ್ಫಾ (ಪಾರದರ್ಶಕತೆ) ಮಾತ್ರ ಹಿಗ್ಗಿಸಿ, ಬಣ್ಣವನ್ನು ಹಿಗ್ಗಿದ ಹಿನ್ನೆಲೆಯಿಂದಲೇ ತೆಗೆದುಕೊಳ್ಳಿ. ಮೂರರಲ್ಲೊಂದು ಚಿತ್ರವನ್ನು ಕೈಯಿಂದ ತಿದ್ದಲೇಬೇಕಾಯಿತು, ಮುಖ್ಯವಾಗಿ ಗೋಡೆಯ ಬರಹ ಮತ್ತು ಭಾವಚಿತ್ರಗಳ ಮುಖ. ಜಿಪಿಯು ಬಾಡಿಗೆ 35 ಸಾವಿರ, ತಿದ್ದುವ ಕೂಲಿ ನಾಲ್ಕು ಲಕ್ಷದ ಹತ್ತಿರ.

ಈಗಿನ ಅಗಲ ಪರದೆಯ 16:9ಕ್ಕೆ 2015ರ ರೆಸಿಡೆಂಟ್ ಈವಿಲ್ ಎಚ್‌ಡಿ ರೀಮಾಸ್ಟರ್‌ನ ದಾರಿಯೇ ಸರಿ: 240 ಸಾಲಿನಲ್ಲಿ 180 ತೋರಿಸಿ, ಪಾತ್ರದ ಜೊತೆ ಮೇಲೆ ಕೆಳಗೆ ಸರಿಸುವುದು. ತಲೆಯನ್ನು ಹಿಂಬಾಲಿಸಿದರೆ ಚಿತ್ರ ನಡುಗುತ್ತದೆ, ಸೊಂಟವನ್ನು ಹಿಂಬಾಲಿಸಿ. ಇಷ್ಟಾದರೂ ಹಳೇ ಟಿವಿಯ ಆಕಾರದ 4:3 ಆಯ್ಕೆ ಇರಲೇಬೇಕು. ಚೌಕಟ್ಟಿನ ಹೊರಗೆ ಏನಿದೆ ಎಂಬ ಭಯವನ್ನು ಆ ಕಾಲದವರು ಅಳತೆ ಮಾಡಿ ಇಟ್ಟದ್ದು.

ಬಾಗಿಲಿನ ಅನಿಮೇಷನ್ ತೆಗೆದುಹಾಕಿದ್ದು ನಾವು ಮಾಡಿದ ದೊಡ್ಡ ತಪ್ಪು. ಈಗ ವೇಗದ ಸ್ಟೋರೇಜ್ ಇದೆ, ಲೋಡಿಂಗ್ ಮರೆಮಾಚಲು ಬಾಗಿಲು ಬೇಕಿಲ್ಲ, ನಿಜ. ಆದರೆ ಆ ನಾಲ್ಕೈದು ಸೆಕೆಂಡುಗಳ ಲೂಪ್‌ನೊಳಗೆ ಸಂಗೀತ ಇಳಿಸುವುದು, ಈವೆಂಟ್ ಫ್ಲ್ಯಾಗ್ (ಯಾವ ಘಟನೆ ಮುಗಿದಿದೆ ಎಂಬ ಗುರುತು) ಬದಲಿಸುವುದು ಎಲ್ಲ ನಡೆಯುತ್ತಿತ್ತು. ತೆಗೆದ ಮೇಲೆ ಬಾಸ್ ಸತ್ತರೂ ಬಾಸ್‌ನ ಸಂಗೀತ ನಿಲ್ಲಲಿಲ್ಲ. ವಾಪಸ್ ಹಾಕಿ, ಬಟನ್ ಒತ್ತಿದರೆ ಅದೇ ಲೂಪ್ ಚಿತ್ರವಿಲ್ಲದೆ ವೇಗವಾಗಿ ಓಡುವಂತೆ ಮಾಡಿದೆವು.

ಧ್ವನಿಯಲ್ಲಿ ಎಸ್‌ಪಿಯುನ (ಹಳೇ ಪ್ಲೇಸ್ಟೇಷನ್‌ನ ಧ್ವನಿ ಚಿಪ್‌ನ) ರಿವರ್ಬ್, ಅಂದರೆ ಅನುರಣನ, ಬಿಡಬೇಡಿ. ಅದು 22.05 ಕಿಲೋಹರ್ಟ್ಸ್‌ನಲ್ಲಿ ಓಡುವ ಒರಟು ರಿವರ್ಬ್, ಹಾಗಿದ್ದೂ ಖಾಲಿ ಕಾರಿಡಾರಿನ ಹೆಜ್ಜೆ ಸದ್ದಿನ ಜೀವ ಅದರಲ್ಲೇ ಇದೆ. ಆಧುನಿಕ ರಿವರ್ಬ್ ಹಾಕಿ ಕೇಳಿದೆವು, ಆಸ್ಪತ್ರೆಯ ಹಜಾರ ಸಿನಿಮಾ ಹಾಲ್ ಆಯಿತು.

ಔಷಧದ ಪೆಟ್ಟಿಗೆಗಳ ಮೇಲಿನ ಬಿಳಿ ನೆಲದ ಕೆಂಪು ಶಿಲುಬೆಯನ್ನು ಮೊದಲೇ ಹುಡುಕಿ ತೆಗೆಯಿರಿ. ಅದು ಜಿನೀವಾ ಒಪ್ಪಂದಗಳ ರಕ್ಷಣೆಯಲ್ಲಿರುವ ಚಿಹ್ನೆ. ಪ್ರಿಸನ್ ಆರ್ಕಿಟೆಕ್ಟ್ ಆಟದವರು ಬ್ರಿಟಿಷ್ ರೆಡ್ ಕ್ರಾಸ್‌ನಿಂದ ಪತ್ರ ಬಂದ ಮೇಲೆ 2017ರಲ್ಲಿ ಬದಲಿಸಬೇಕಾಯಿತು. ನಮ್ಮಲ್ಲಿ ಟೆಕ್ಸ್ಚರ್‌ಗಳಲ್ಲದೆ ಹಿನ್ನೆಲೆ ಚಿತ್ರಗಳಲ್ಲೂ 17 ಕಡೆ ಇತ್ತು, ಹಿಗ್ಗಿಸಿದ ಮೇಲೆ ಸ್ಪಷ್ಟವಾಗಿ ಕಾಣತೊಡಗಿತು.

ಮುಖ್ಯ ಕೆಲಸದ ನಡುವೆ ಕನ್ನಡ ಸಬ್‌ಟೈಟಲ್ ಕೂಡ ಮಾಡಿ ನೋಡಿದೆವು. ಹಳೇ ಫಾಂಟ್ ಪದ್ಧತಿ ಅಕ್ಷರಕ್ಕೊಂದು ಬೈಟ್, 16x16ರ ಚೌಕ. ‘ರಾಷ್ಟ್ರ’ ಎಂದು ಬರೆದರೆ ಒತ್ತಕ್ಷರಗಳು ಚೌಕದ ಕೆಳಗೆ ಕತ್ತರಿಸಿಹೋಗುತ್ತವೆ, ‘ಸೂರ್ಯ’ ಎಂದು ಬರೆದರೆ ಅರ್ಕಾವತ್ತು ತಪ್ಪು ಜಾಗದಲ್ಲಿ ಕೂರುತ್ತದೆ. ಬಿಲ್ಡ್ ಹಂತದಲ್ಲೇ ಹಾರ್ಫ್‌ಬಝ್ ಎಂಬ ತಂತ್ರಾಂಶದಿಂದ ನೋಟೋ ಸಾನ್ಸ್ ಕನ್ನಡ ಫಾಂಟ್‌ನ ಸಾಲುಗಳನ್ನು ಶೇಪ್ ಮಾಡಿಸಿ (ಒತ್ತು, ಗುಣಿತಗಳನ್ನು ಸರಿಯಾಗಿ ಜೋಡಿಸಿ), ಗ್ಲಿಫ್‌ಗಳ (ಅಕ್ಷರರೂಪಗಳ) ಸ್ಥಾನವನ್ನು ಫೈಲ್‌ಗೆ ಬರೆದಿಟ್ಟರೆ ಕನ್ಸೋಲ್‌ನಲ್ಲಿ ಶೇಪಿಂಗ್ ಬೇಕಾಗುವುದೇ ಇಲ್ಲ. ಸಾಲಿನ ಎತ್ತರ ಅಕ್ಷರದ ಅಳತೆಯ 1.6 ಪಟ್ಟು ಕೊಡಿ, ಕಡಿಮೆಯಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಮೊದಲ ಒಂದು ಗಂಟೆಯ ಆಟ ಪೂರ್ತಿ ಕನ್ನಡದಲ್ಲಿ ಓಡಿತು, ಬಹಳ ಚೆನ್ನಾಗಿ ಓಡಿತು. ಹಕ್ಕುದಾರರು ಮೂಲದ ಭಾಷೆಗಳಷ್ಟೇ ಸಾಕೆಂದರು, ಆ ಬಿಲ್ಡ್ ನಮ್ಮಲ್ಲಿದೆ.

ಪಾಸಾಗುವ ಮೊದಲು ಸರ್ಟಿಫಿಕೇಷನ್‌ನಲ್ಲಿ, ಅಂದರೆ ಕನ್ಸೋಲ್ ಕಂಪನಿಗಳ ಪರೀಕ್ಷೆಯಲ್ಲಿ, ಎರಡು ಸಲ ತಿರಸ್ಕೃತವಾಯಿತು. ಒಮ್ಮೆ ವಿಡಿಯೋ ಓಡುವಾಗ ಕಂಟ್ರೋಲರ್ ಕಳಚಿದರೆ ಆಟ ನಿಲ್ಲದೆ ಮುಂದೆ ಹೋಗುತ್ತಿತ್ತು. ಇನ್ನೊಮ್ಮೆ ಜಪಾನಿ ಭಾಷೆಯ ಮೆನು: ಮೂಲದಲ್ಲಿ ಒಪ್ಪಿಗೆಗೆ ವೃತ್ತದ ಬಟನ್, ಪಿಎಸ್5ರಲ್ಲಿ ಜಪಾನಿನಲ್ಲೂ ಅದು ಕ್ರಾಸ್. ಬಟನ್ ಬದಲಿಸಿದ್ದೆವು, ಮೆನುವಿನೊಳಗೆ ಚಿತ್ರವಾಗಿ ಸೇರಿದ್ದ ಸೂಚನೆಯನ್ನು ಬದಲಿಸಿರಲಿಲ್ಲ. ಪ್ರತಿ ಮರುಸಲ್ಲಿಕೆಗೆ ಮೂರು ವಾರ, ಟೆಸ್ಟರ್‌ಗಳ ಸಂಬಳ ಸೇರಿ ಒಂದೂವರೆ ಲಕ್ಷ. ಈಗ ಸಲ್ಲಿಸುವ ಮೊದಲು ಪ್ರತಿ ವಿಡಿಯೋ, ಪ್ರತಿ ಬಾಗಿಲು, ಪ್ರತಿ ಸೇವ್ ಪರದೆಯಲ್ಲೂ ಕಂಟ್ರೋಲರ್ ಕಳಚಿ ಜೋಡಿಸಿ ನೋಡುತ್ತೇವೆ. ಇಬ್ಬರಿಗೆ ಎರಡು ದಿನದ ಕೆಲಸ.