ಎರಡು ಏರ್‌ಪೋರ್ಟ್ ನಡುವಿನ ದೂರ: ನಾನು ಲೆಕ್ಕ ಹಾಕುವ ರೀತಿ

ಆಫೀಸಿನವರ ವಿಮಾನ ಪ್ರಯಾಣದಿಂದ ಎಷ್ಟು ಇಂಗಾಲ ಹೊರಬಿತ್ತು ಅಂತ ಲೆಕ್ಕ ಇಡುವುದು ನನ್ನ ಕೆಲಸ. ಅದಕ್ಕೆ ಮೊದಲು ದೂರ ಗೊತ್ತಿರಬೇಕು. ಒಂದೊಂದನ್ನೇ ಹುಡುಕಿ ಬರೆದುಕೊಳ್ಳುವುದು ಬೇಜಾರು, ಹಾಗಾಗಿ ಎಕ್ಸೆಲ್‌ನಲ್ಲೇ ಸೂತ್ರ ಹಾಕಿಕೊಂಡೆ.

ಬೇಕಾದದ್ದು ಪ್ರತಿ ಏರ್‌ಪೋರ್ಟಿನ ಅಕ್ಷಾಂಶ, ರೇಖಾಂಶ ಅಷ್ಟೇ. ಊರಿನ ಹೆಸರು ನಂಬಬೇಡಿ, ಲಂಡನ್ ಅಂದರೆ ಹೀಥ್ರೂನೂ ಆಗಬಹುದು, ಗ್ಯಾಟ್ವಿಕ್ಕೂ ಆಗಬಹುದು. ಪ್ರತಿ ಏರ್‌ಪೋರ್ಟಿಗೂ ಇರುವ ಮೂರಕ್ಷರದ ಕೋಡ್ ಹಿಡಿದು ಹೋಗಿ. ಪಶ್ಚಿಮಕ್ಕೂ ದಕ್ಷಿಣಕ್ಕೂ ಮೈನಸ್ ಹಾಕಬೇಕು. ನ್ಯೂಯಾರ್ಕಿನ ಜೆಎಫ್‌ಕೆ ಇರುವುದು 40.6398, -73.7789ರಲ್ಲಿ. ಆ ಮೈನಸ್ ಬಿಟ್ಟರೆ ಏರ್‌ಪೋರ್ಟ್ ಹೋಗಿ ಕಿರ್ಗಿಸ್ತಾನದಲ್ಲಿ ಕೂರುತ್ತದೆ!

ಹೀಥ್ರೂ 51.4706, -0.4619. ಇವೆರಡನ್ನೇ ತೆಗೆದುಕೊಳ್ಳೋಣ. ಅಕ್ಷಾಂಶದ ವ್ಯತ್ಯಾಸ 10.83 ಡಿಗ್ರಿ, ರೇಖಾಂಶದ್ದು 73.32. ಶಾಲೆಯಲ್ಲಿ ಕಲಿತ ಪೈಥಾಗೊರಸ್ ಪ್ರಮೇಯವನ್ನು ಸುಮ್ನೆ ಇದಕ್ಕೆ ಹಚ್ಚಿದರೆ 8,241 ಕಿ.ಮೀ. ಬರುತ್ತದೆ. ಧ್ರುವದ ಕಡೆ ಹೋದಂತೆ ರೇಖಾಂಶಗಳು ಹತ್ತಿರವಾಗುತ್ತವೆ ಅಲ್ವಾ, ಅದನ್ನು ಸರಿದೂಗಿಸಿದರೂ 5,784. ಇನ್ನೂ ಜಾಸ್ತಿನೇ.

ಸರಿಯಾದ ದಾರಿ ಹ್ಯಾವರ್‌ಸೈನ್ ಸೂತ್ರ, ಅಂದರೆ ಗೋಳದ ಮೇಲೆ ಎರಡು ಜಾಗಗಳ ನಡುವಿನ ಅತಿ ಕಡಿಮೆ ದೂರ ಕೊಡುವ ಸೂತ್ರ. ಅಕ್ಷಾಂಶದ ವ್ಯತ್ಯಾಸವನ್ನು ಅರ್ಧ ಮಾಡಿ, ಅದರ ಸೈನ್ ತೆಗೆದು ವರ್ಗ ಮಾಡಿದರೆ 0.0089. ರೇಖಾಂಶಕ್ಕೂ ಹಾಗೇ ಮಾಡಿ, ಅದನ್ನು ಎರಡೂ ಅಕ್ಷಾಂಶಗಳ ಕೊಸೈನ್‌ನಿಂದ ಗುಣಿಸಿದರೆ 0.1685. ಎರಡನ್ನೂ ಕೂಡಿಸಿದರೆ 0.1774. ಇದರ ವರ್ಗಮೂಲ ತೆಗೆದು, ಅದರ ವಿಲೋಮ ಸೈನ್ ಕಂಡುಹಿಡಿದು, ಎರಡರಿಂದ ಗುಣಿಸಿದರೆ 49.82 ಡಿಗ್ರಿ. ಭೂಮಿಯ ಸರಾಸರಿ ತ್ರಿಜ್ಯ 6,371 ಕಿ.ಮೀ. ಅಂತ ಹಿಡಿದರೆ ಒಂದು ಡಿಗ್ರಿಗೆ 111.195 ಕಿ.ಮೀ. ಗುಣಿಸಿ: 5,540 ಕಿ.ಮೀ. ಎಕ್ಸೆಲ್ ಕೋನಗಳನ್ನು ಡಿಗ್ರಿಯಲ್ಲಲ್ಲ, ರೇಡಿಯನ್ ಅನ್ನುವ ಇನ್ನೊಂದು ಅಳತೆಯಲ್ಲಿ ಕೇಳುತ್ತದೆ, ಅದೊಂದು ನೆನಪಿರಲಿ.

ಈ ಸೂತ್ರ ನನಗೆ ಇಷ್ಟವಾಗಲು ಇನ್ನೊಂದು ಕಾರಣವಿದೆ. ಟೋಕಿಯೊದಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗುವಾಗ 180 ಡಿಗ್ರಿ ರೇಖಾಂಶದ ಗೆರೆ ದಾಟಬೇಕು. ಕಳೆದರೆ ರೇಖಾಂಶದ ವ್ಯತ್ಯಾಸ 260 ದಾಟುತ್ತದೆ. ಆದರೂ ಉತ್ತರ ಸರಿಯಾಗೇ ಬರುತ್ತದೆ, ಸೈನ್ ವರ್ಗ ಅದನ್ನು ತಾನೇ ನೋಡಿಕೊಳ್ಳುತ್ತದೆ.

ಭೂಮಿ ಪೂರ್ತಿ ಗುಂಡಗಿಲ್ಲ, ನಿಜ. ಸಮಭಾಜಕದಲ್ಲಿ ತ್ರಿಜ್ಯ 6,378, ಧ್ರುವದಲ್ಲಿ 6,357. ಅದನ್ನೂ ಲೆಕ್ಕಕ್ಕೆ ತರಬೇಕೆಂದರೆ ಭೂಮಾಪನ ತಜ್ಞ ವಿನ್ಸೆಂಟಿ 1975ರಲ್ಲಿ ಕೊಟ್ಟ ವಿಧಾನವಿದೆ. ಗೋಳ ಅಂತ ಹಿಡಿದರೆ ತಪ್ಪು ಹೆಚ್ಚೆಂದರೆ ಶೇಕಡಾ ಅರ್ಧದಷ್ಟು. ನನ್ನ ಕೆಲಸಕ್ಕೆ ಅದು ಏನೇನೂ ಅಲ್ಲ.

ಯಾಕೆಂದರೆ ವಿಮಾನ ಈ ಅತಿ ಹತ್ತಿರದ ದಾರಿಯಲ್ಲೇ ಹಾರುವುದಿಲ್ಲ. ಗಾಳಿ ನೋಡಿಕೊಂಡು ದಾರಿ ಬದಲಾಗುತ್ತದೆ, ಇಳಿಯುವ ಮೊದಲು ಸುತ್ತು ಹೊಡೆಯುವುದೂ ಉಂಟು. ಅದಕ್ಕೇ ಐಕಾವೊ (ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ) ತನ್ನ ಇಂಗಾಲದ ಲೆಕ್ಕದಲ್ಲಿ 550 ಕಿ.ಮೀ.ಗಿಂತ ಕಡಿಮೆ ದೂರಕ್ಕೆ 50, ಅಲ್ಲಿಂದ 5,500ರವರೆಗೆ 100, ಅದರಾಚೆ 125 ಕಿ.ಮೀ. ಸೇರಿಸುತ್ತದೆ. ನಮ್ಮ 5,540 ಹೀಗೆ 5,665 ಆಗುತ್ತದೆ. ಎರಡಕ್ಕೂ ಬೇರೆ ಬೇರೆ ಕಾಲಂ ಇಟ್ಟಿದ್ದೇನೆ. ಆಡಿಟ್‌ನವರು ಬಂದು "ಈ 125 ಎಲ್ಲಿಂದ ಬಂತು?" ಅಂದರೆ ತೋರಿಸಲು ಸುಲಭ.